ಚಕ್ರದಡಿಯ ಗಜಲಿಂಬೆ

ಚೆನ್ನೈಗೆ ವರ್ಗವಾಗಿ ಬಂದು ವಿಮಾ ಕಚೇರಿಯ ಕುರ್ಚಿಯಲ್ಲಿ ಕೂತ ಮೊದಲ ಬೆಳಿಗ್ಗೆ ಸಿಬ್ಬಂದಿ ಒಬ್ಬರ ಹಿಂದೊಬ್ಬರು ಒಳಗೆ ಬಂದರು. ತುಸು ಬಾಗಿ, ನನ್ನ ಅಂಗೈಯಲ್ಲಿ ಒಂದೊಂದು ಲಿಂಬೆಹಣ್ಣು ಇಟ್ಟು, ಮಾತಿಲ್ಲದೆ ಹೊರಟುಹೋದರು. ಕುಮಟಾದವನಾದ ನಾನು, ಸಕ್ಕರೆ ಮತ್ತು ನೀರು ಹಿಂದಿನಿಂದ ಬರುತ್ತವೆಂದು ಮಧ್ಯಾಹ್ನದವರೆಗೂ ಗಾಂಭೀರ್ಯ ಕೆಡದಂತೆ ಕಾದೆ. ಬರಲಿಲ್ಲ.

ಅದು ಮರ್ಯಾದೆಯಂತೆ. ನಮ್ಮ ಕಡೆ ಅಂಥ ಮರ್ಯಾದೆ ಮಠದ ಸ್ವಾಮಿಗಳಿಗೆ ಸಲ್ಲುವುದೇ ಹೊರತು ವಿಮಾ ಕಂತು ವಸೂಲಿ ಮಾಡುವವರಿಗಲ್ಲ. ಇಲ್ಲಿ ಲಿಂಬೆಗೆ ಎಲುಮಿಚ್ಚೈ ಎನ್ನುತ್ತಾರೆ. ಅದರ ಮೇಲಿರುವ ಜವಾಬ್ದಾರಿಗಳನ್ನು ನೋಡಿದರೆ ನನಗೆ ನನ್ನ ಹುದ್ದೆಯ ಬಗ್ಗೆಯೇ ಸಂಕೋಚವಾಗುತ್ತದೆ. ಅಮ್ಮನವರ ಕೊರಳಿಗೆ ಮಾಲೆಯಾಗಬೇಕು, ಮೆಣಸಿನಕಾಯಿಯ ಜೊತೆ ಅಂಗಡಿ ಬಾಗಿಲು ಕಾಯಬೇಕು, ಹೊಸ ವಾಹನದ ಚಕ್ರದಡಿ ಬಿದ್ದು ಪ್ರಾಣ ಕೊಡಬೇಕು. ಇಷ್ಟರ ನಡುವೆ ಬಿಡುವಾದರೆ ಅನ್ನಕ್ಕೂ ಹಿಂಡಿಸಿಕೊಳ್ಳಬೇಕು.

ನಮ್ಮೂರಲ್ಲಿ ಲಿಂಬೆಗೆ ಇಷ್ಟು ಅಧಿಕಾರವಿಲ್ಲ, ಏಕೆಂದರೆ ಅಲ್ಲಿ ಗಜಲಿಂಬೆ ಇದೆ. ಕಾಣದವರಿಗಾಗಿ ಹೇಳುತ್ತೇನೆ. ಲಿಂಬೆಯೆಂದರೆ ತೆಳು ಸಿಪ್ಪೆಯ, ಮುಂಗೋಪದ ಹಣ್ಣು. ಒತ್ತಿದ ತಕ್ಷಣ ಇದ್ದಬದ್ದ ರಸವನ್ನೆಲ್ಲ ಕಾರಿ ಮುಗಿಯುತ್ತದೆ. ಗಜಲಿಂಬೆ ಮುಷ್ಟಿಗಾತ್ರದ್ದು, ತುದಿಗೊಂದು ಮೊಲೆತೊಟ್ಟು, ಮೈಯೆಲ್ಲ ಉಬ್ಬುತಗ್ಗು. ರಸ ಕಡಿಮೆ, ಹುಳಿಯೂ ಸೌಮ್ಯ. ಅದರ ಆಸ್ತಿಯೆಲ್ಲ ದಪ್ಪ ಸಿಪ್ಪೆಯಲ್ಲಿ. ಉಗುರು ತಾಗಿದರೆ ಸಾಕು, ಸಂಜೆಯವರೆಗೂ ಕೈ ಘಮಘಮ. ಅದನ್ನು ಇಡಿಯಾಗಿ ಬೇಯಿಸಿ, ಹೆಚ್ಚಿ, ಉಪ್ಪು ಮತ್ತು ಪುಟ್ಟ, ಕಡುಖಾರದ ಸೂಜಿಮೆಣಸು ಸೇರಿಸಿದರೆ, ಜ್ವರ ಬಿಟ್ಟವರ ಸತ್ತ ನಾಲಿಗೆ ಎದ್ದು ಕೂರುತ್ತದೆ.

ಈ ಬೇಸಿಗೆಯಲ್ಲಿ ಅಂಥದೊಂದು ನಾಲಿಗೆ ನಮ್ಮ ವೇಲಚೇರಿಯ ಮನೆಯಲ್ಲೇ ಇತ್ತು. ನನ್ನ ಮಾವ ಮಗಳ ಮನೆಗೆಂದು ಬಂದವರು ಟೈಫಾಯ್ಡ್ ಹಿಡಿಸಿಕೊಂಡು ಮಲಗಿದರು. ಜ್ವರ ಇಳಿದರೂ ಊಟ ಏರಲಿಲ್ಲ. ಎರಡು ಚಮಚ ಗಂಜಿಗೆ ಮುಖ ತಿರುಗಿಸುತ್ತಿದ್ದರು. "ಏನು ಕೇಳುತ್ತಾರೋ ಕೊಡಿ. ಸೋಮವಾರಕ್ಕೂ ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ" ಎಂದರು ವೈದ್ಯರು. ಮಾವ ಕೇಳಿದ್ದು ಗಜಲಿಂಬೆ.

ಎಲುಮಿಚ್ಚೈ ಉಪ್ಪಿನಕಾಯಿ ಕೊಟ್ಟೆವು. ಸುಡುತ್ತದೆ ಎಂದರು. ನಾನು ಮಾಲ್‌ಗೆ ಹೋಗಿ, ಪರದೇಶದಿಂದ ವಿಮಾನದಲ್ಲಿ ಬಂದ, ಮೈಗೆ ಮೇಣ ಬಳಿದ, ಹಣೆಗೆ ಚೀಟಿ ಅಂಟಿಸಿಕೊಂಡ ಹಳದಿ ಹಣ್ಣೊಂದನ್ನು ತಂದೆ. ಬಣ್ಣ, ಆಕಾರ ನೋಡಿದರೆ ಗಜಲಿಂಬೆಯ ನೆಂಟನೇ. ಮಾವ ಮೂಸಿ ನೋಡಿ, ನನ್ನ ಕೈಗೇ ಮರಳಿಸಿದರು. "ಚಂದ ಉಂಟು ಅಳಿಯಂದಿರೇ. ಶೋಕೇಸಲ್ಲಿ ಇಡಿ."

ಕೊನೆಗೆ ನನ್ನ ಹೆಂಡತಿ ಸುಮಿತ್ರಾ ಊರಿಗೆ ಫೋನು ಮಾಡಿದಳು. ಮಂಗಳೂರಿನ ರೈಲಿನಲ್ಲಿ ಬರುವ ಪರಿಚಯದವರ ಕೈಯಲ್ಲಿ ನಾಲ್ಕು ಗಜಲಿಂಬೆ ಬಂದವು. ಭಾನುವಾರ ಮಧ್ಯಾಹ್ನ ಅವಳು ಅವನ್ನು ಒರೆಸಿ, ಬುಟ್ಟಿಯಲ್ಲಿಟ್ಟು, ಸೂಜಿಮೆಣಸು ಹುಡುಕಿಕೊಂಡು ಪೇಟೆಗೆ ಹೋದಳು. ಮನೆಯಲ್ಲಿ ನಿದ್ದೆಹೋದ ಮಾವ, ಪೇಪರಿನ ಹಿಂದೆ ನಾನು, ಮತ್ತು ಮಗಳು ಅಪೂರ್ವಾ. ಕರೆಗಂಟೆಯಾಯಿತು. ಅವಳೇ ಎದ್ದುಹೋಗಿ ಬಾಗಿಲು ತೆರೆದಳು, ಯಾರಿಗೋ ಏನೋ ಕೊಟ್ಟಳು. ನಾನು ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗೆ ಗಂಟೆ ಕೇಳಿ ಬಾಲ್ಕನಿಗೆ ಹೋದೆ. ಎದುರುಮನೆಯ ಕಾಮಾಕ್ಷಿ ಮಾಮಿಯ ಹೊಸ ಕಾರಿಗೆ ಪೂಜೆ. ಮಾಮಿಯ ಯಜಮಾನರು ಸ್ಟೀರಿಂಗ್ ಹಿಡಿದು ಕೂತಿದ್ದರು. ನಾಲ್ಕು ಚಕ್ರಗಳ ಮುಂದೆ ನಾಲ್ಕು ಹಳದಿ ಹಣ್ಣು. ಲಿಂಬೆಗೆ ಆ ಗಾತ್ರ ಎಲ್ಲಿಂದ ಬಂತು ಎಂದು ಬಗ್ಗಿದೆ. ಪ್ರತಿಯೊಂದರ ತುದಿಗೂ ಮೊಲೆತೊಟ್ಟು!

ಕೂಗಬೇಕಿತ್ತು. ಆದರೆ ಕರ್ಪೂರ ಉರಿಯುತ್ತಿರುವಾಗ "ನಿಲ್ಲಿಸಿ" ಎನ್ನುವುದು ಅಪಶಕುನ. ಜೊತೆಗೆ, ಹತ್ತು ವರ್ಷ ಕಚೇರಿಯಲ್ಲಿ ದುಡಿದ ನನ್ನ ತಮಿಳು ಭಾನುವಾರ ರಜೆಯಲ್ಲಿತ್ತು. ಕಾರು ಹೊರಟಿತು.

ಎಲುಮಿಚ್ಚೈ ಆಗಿದ್ದರೆ ಚಟ್ಟನೆ ಒಡೆದು ಕೆಲಸ ಮುಗಿಯುತ್ತಿತ್ತು. ಇವು ನಮ್ಮೂರಿನವು. ಕಾರು ಎರಡನ್ನು ಹತ್ತಿ, ಸ್ವಲ್ಪ ಯೋಚಿಸಿ, ಇಳಿಯಿತು. ಅವು ಬಾಯಿಬಿಟ್ಟವು, ಅಪ್ಪಚ್ಚಿಯಾಗಲಿಲ್ಲ. ಇನ್ನೆರಡು ಪುಟಿದು, ಉರುಳಿ, ಗೇಟಿನಾಚೆ ಬೇವಿನ ಮರದ ಬುಡದಲ್ಲಿ ಇಡಿಯಾಗಿ ನಿಂತವು.

ನಾನು ಕೆಳಗಿಳಿದಾಗ ಮಾಮಿಯ ಮುಖ ಬಾಡಿತ್ತು. "ಎನ್ನ ಸಾರ್ ಇದು, ನಸುಂಗವೇ ಇಲ್ಲೈ!" ಜಜ್ಜಿಯೇ ಹೋಗಲಿಲ್ಲವಲ್ಲ ಎಂದು ಆಕೆಯ ಆತಂಕ. ಅಂಗಡಿ ಮುಚ್ಚಿತ್ತು, ರಾಹುಕಾಲ ಹತ್ತಿರವಿತ್ತು, ಅದಕ್ಕೇ ನಮ್ಮ ಮನೆಯಲ್ಲಿ ಕೇಳಿದರಂತೆ. ನಾನು ಬೀದಿಯಲ್ಲಿ ನಿಂತು ಲಿಂಬೆಗೂ ಗಜಲಿಂಬೆಗೂ ಇರುವ ಭೇದವನ್ನು ಹರಕು ತಮಿಳಿನಲ್ಲಿ ಉಪನ್ಯಾಸ ಮಾಡಿದೆ. ಮಾವನ ವಿಷಯಕ್ಕೆ ಬಂದಾಗ ಮಾಮಿ ಬಾಯಿಗೆ ಕೈಯಿಟ್ಟುಕೊಂಡರು. "ಅಯ್ಯೋ, ತಾತಾವುಕ್ಕಾ?"

ಇಡಿಯಾಗಿ ಉಳಿದಿದ್ದ ಎರಡನ್ನಾದರೂ ಎತ್ತಿಕೊಳ್ಳೋಣವೆಂದು ಬಗ್ಗಿದೆ.

"ತೊಡಾದೀಂಗೋ!" ಮಾಮಿ ಕಿರುಚಿದರು. ಮುಟ್ಟಬೇಡಿ. ಕಾರಿಗೆ ಬಿದ್ದ ಊರವರ ಕಣ್ಣೆಲ್ಲ ಈಗ ಆ ಹಣ್ಣಿನೊಳಗೆ ಇದೆ. ಅದನ್ನು ಕಾಯಿಲೆಯವರಿಗೆ ತಿನ್ನಿಸುವುದೇ?

ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದು ಹಲವು ಸಭೆಗಳಲ್ಲಿ ಹೇಳಿದ್ದೇನೆ. ಆದರೂ ಬಗ್ಗಿದ ಬೆನ್ನು ತಾನಾಗಿ ನೇರವಾಯಿತು. ಅಷ್ಟರಲ್ಲಿ ಪೇಟೆಯಿಂದ ಬಂದ ಸುಮಿತ್ರಾ, ಎಲ್ಲವನ್ನೂ ಕೇಳಿ, ಕೈಯಲ್ಲಿದ್ದ ಸೂಜಿಮೆಣಸಿನ ಪೊಟ್ಟಣವನ್ನೇ ನೋಡುತ್ತ ನಿಂತಳು. "ಒಳಗೆ ತರೂದು ಬೇಡ. ನಂಗೂ ನಂಬಿಕೆ ಇಲ್ಲ. ಆದ್ರೆ ಮಲಗಿದ್ದು ಅಪ್ಪಯ್ಯ."

ಮೆಟ್ಟಿಲ ಮೇಲೆ ಅಪೂರ್ವಾ ಅಳು ಹಿಡಿದು ನಿಂತಿದ್ದಳು. "ಎಲ್ಲಾಮೇ ಲೆಮನ್ ದಾನೇ ಅಪ್ಪಾ?" ಎಲ್ಲವೂ ಲೆಮನ್ ತಾನೇ? ಇಲ್ಲೇ ಹುಟ್ಟಿದ ಹುಡುಗಿ. ಗಜಲಿಂಬೆಯನ್ನು ಅವಳು ಬಾಟಲಿಯೊಳಗೆ, ಹೆಚ್ಚಿದ ಹೋಳಾಗಿ ಮಾತ್ರ ಕಂಡವಳು. ಏನೆಂದು ಬೈಯಲಿ? ಆ ರಾತ್ರಿ ಆಸ್ಪತ್ರೆಗೆ ಬೇಕಾಗುವ ಬಟ್ಟೆಗಳನ್ನು ಸುಮಿತ್ರಾ ಸದ್ದಿಲ್ಲದೆ ಚೀಲಕ್ಕೆ ತುಂಬಿದಳು.

ಬೆಳಿಗ್ಗೆ ಮಾಮಿ ಒಂದು ಭರಣಿ ಹಿಡಿದು ಬಂದರು. ಒಳಗೆ ಕಪ್ಪಗೆ, ಮುರುಟಿಕೊಂಡು ಒಣಗಿದ ಸುರುಳಿಗಳು. ಉಪ್ಪಿನ ನಾರ್ತಂಗಾಯ್. ಲಿಂಬೆಯ ವಂಶದಲ್ಲೇ ಇನ್ನೊಂದು ಕವಲು, ಸಿಪ್ಪೆ ದಪ್ಪ, ರುಚಿ ಕಹಿ. ತಮಿಳರ ಮನೆಯಲ್ಲಿ ಜ್ವರದ ನಾಲಿಗೆಗೆ ಇದೇ ಮದ್ದಂತೆ. ಸುಮಿತ್ರಾ ನಗದೆ ಇಸಿದುಕೊಂಡಳು. ಅಪೂರ್ವಾ ಒಂದು ಚೂರನ್ನು ಗಂಜಿಯ ಬಟ್ಟಲಲ್ಲಿಟ್ಟು ಅಜ್ಜನ ಬಳಿಗೆ ಒಯ್ದಳು.

ಮಾವ ನೆಕ್ಕಿದರು. ಕಣ್ಣು ಕಿರಿದಾಯಿತು. "ಯಾರ ಮನೇದು?"

"ಮಾಮಿ ವೀಟ್ಟುದು, ಅಜ್ಜಾ."

"ಗಜಲಿಂಬೆ ಅಲ್ಲ ಇದು. ಕಹಿ. ಉಪ್ಪೂ ಜಾಸ್ತಿ." ಅಪೂರ್ವಾ ಬಟ್ಟಲು ತೆಗೆಯಲು ಕೈ ಚಾಚಿದಳು. "ಇನ್ನೊಂದು ಚೂರು ಹಾಕು ಮಗಾ. ಗಂಜಿ ಸಾಲೂದಿಲ್ಲ."

ಸುಮಿತ್ರಾ ಅಡುಗೆಮನೆಗೆ ಹೋಗಿ ಅತ್ತಳು. ಅಪ್ಪ ಉಂಡರೆಂದೋ, ಗಜಲಿಂಬೆಯಲ್ಲದ ಅದನ್ನು ನೆಂಚಿಕೊಂಡು ಉಂಡರೆಂದೋ, ನಾನು ಕೇಳಲಿಲ್ಲ.

ಆ ಎರಡು ಗಜಲಿಂಬೆ ಇನ್ನೂ ಬೇವಿನ ಬುಡದಲ್ಲೇ ಇವೆ. ಬೀದಿ ಗುಡಿಸುವವಳೂ ಅವನ್ನು ಬಿಟ್ಟು ಗುಡಿಸುತ್ತಾಳೆ. ದಪ್ಪ ಸಿಪ್ಪೆ, ಬೇಗ ಕೊಳೆಯುವುದಿಲ್ಲ. ಬೆಳಿಗ್ಗೆ ಕಚೇರಿಯ ರೈಲಿಗೆಂದು ಹೊರಟಾಗ, ಗೇಟು ದಾಟುವ ಮುಂಚೆಯೇ ನಮ್ಮ ಹಿತ್ತಿಲ ಪರಿಮಳ ಮೂಗಿಗೆ ಬರುತ್ತದೆ. ಒಂದು ಗಳಿಗೆ ನಿಲ್ಲುತ್ತೇನೆ. ಆಮೇಲೆ ಬೀದಿಯ ಎಲ್ಲರಂತೆ, ಕಾಲು ತಾಗದ ಹಾಗೆ, ದೂರದಿಂದ ಬಳಸಿಕೊಂಡು ಹೋಗುತ್ತೇನೆ.