ಅಪ್ಪನ ಸೀಟಿ ಮತ್ತು ಮೂರನೆಯ ಕಾಲೇಜು

ಅಪ್ಪ ಕುಷ್ಟಗಿಯಲ್ಲಿ ಪಿ.ಟಿ. ಮಾಸ್ತರ. ಸಾಲೆಯ ಸೀಟಿಯನ್ನು ಮನೆಯಲ್ಲೂ ಕೊರಳಿನಿಂದ ತೆಗೆಯುತ್ತಿರಲಿಲ್ಲ. ಬೆಳಗಿನ ಐದಕ್ಕೆ ನನ್ನ ಹಾಸಿಗೆಯ ಪಕ್ಕ ಒಮ್ಮೆ ಊದಿದರೆ ನಾನಷ್ಟೇ ಅಲ್ಲ, ಪಕ್ಕದ ಮನೆಯ ಎಮ್ಮೆಯೂ ಎದ್ದು ನಿಲ್ಲುತ್ತಿತ್ತು.

ನನಗೆ ವೈದ್ಯಕೀಯ ಓದುವಷ್ಟು ರ‍್ಯಾಂಕ್ ಬಂದಾಗ, ಬೇಕಾದ ಕಾಲೇಜುಗಳನ್ನು ಆನ್‌ಲೈನಿನಲ್ಲಿ ಒಂದು, ಎರಡು, ಮೂರು ಎಂದು ಕ್ರಮವಾಗಿ ಹಚ್ಚಬೇಕಿತ್ತು. ಪಠ್ಯ ಎಲ್ಲ ಕಡೆ ಒಂದೇ, ಗುಣ ಬೇರೆ. ಒಂದು ಕಡೆ ಗಂಟೆಗೊಂದು ಪಾಠ, ವಾರಕ್ಕೊಂದು ಪರೀಕ್ಷೆ. ಇನ್ನೊಂದು ಕಡೆ ಮೊದಲ ವರ್ಷದಿಂದಲೇ ಸಂಶೋಧನೆ. ಮೂರನೆಯ ಕಡೆ ಒಬ್ಬ ರೋಗಿಯ ಕಥೆ ಹೇಳಿ, ಉಳಿದದ್ದು ನೀವೇ ಓದಿಕೊಳ್ಳಿ ಎಂದು ಬಿಟ್ಟುಬಿಡುತ್ತಾರಂತೆ. ನನಗೆ ಅದೇ ಬೇಕಿತ್ತು.

"ಗಂಟಿ ಹೊಡಿಯೂ ಕಾಲೇಜ ಮೊದಲ್ನೇದು ಹಾಕು" ಎಂದ ಅಪ್ಪ. "ನಿನ್ನಷ್ಟಕ್ಕ ನೀ ಎದ್ದದ್ದ ಇಲ್ಲ, ನಿನ್ನಷ್ಟಕ್ಕ ನೀ ಏನ ಓದ್ತಿ?"

"ಸಂಶೋಧನಾದ್ದು?"

"ನಿನ್ನ ಕನ್ನಡಕ ಹುಡುಕೂದ್ರಾಗ ಒಂದ ತಾಸ ಹೋಗತೈತಿ. ನೀ ಏನ ಸಂಶೋಧನಾ ಮಾಡ್ತಿಯವ್ವಾ!"

ಅವ್ವ ಒಲೆಯ ಮುಂದೆ ಕಿಸಕ್ಕೆಂದಳು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದು ನಾನು, ಹೆಸರು ಬಂದದ್ದು ಅಪ್ಪನ ಸೀಟಿಗೆ.

ಕೊಪ್ಪಳದ ಇಂಟರ್ನೆಟ್ ಅಂಗಡಿಯಲ್ಲಿ ಅಪ್ಪ ಪಕ್ಕಕ್ಕೇ ಕುಳಿತು ತನ್ನ ಕ್ರಮದಂತೆ ತುಂಬಿಸಿದ. ಕೊನೆಯ ದಿನದವರೆಗೆ ತಿದ್ದಬಹುದಿತ್ತು, ಆದರೆ ಓಟಿಪಿ ಬರುವುದು ಅಪ್ಪನ ಮೊಬೈಲಿಗೆ. ಅದನ್ನು ಅವನು ಬಚ್ಚಲಿಗೂ ಒಯ್ಯುತ್ತಿದ್ದ.

ಕೊನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಮೊಬೈಲು ಕಿಟಕಿಯಲ್ಲಿದೆ, ಅಪ್ಪ ಬಚ್ಚಲಲ್ಲಿದ್ದಾನೆ! ಅವ್ವನ ಫೋನಿನಲ್ಲಿ ಅರ್ಜಿ ತೆರೆದೆ. ಅಪ್ಪನ ಮೊಬೈಲಿಗೆ ಬಂದ ಓಟಿಪಿ ಒತ್ತಿ ಮೂರನೆಯದನ್ನು ಮೊದಲಿಗೆ ತಂದೆ, ಮೆಸೇಜು ಅಳಿಸಿದೆ. ಪುಣ್ಯಕ್ಕೆ ಅವತ್ತು ಅಪ್ಪನ ಜಳಕ ಬೇಗ ಮುಗಿಯಲೇ ಇಲ್ಲ.

ಮೂರನೆಯ ಕಾಲೇಜೇ ಸಿಕ್ಕಿತು. "ಕಂಪ್ಯೂಟರ್ ಏನರ ತಪ್ಪ ಮಾಡಿರ್ಬೇಕು" ಎಂದೆ. ಅಪ್ಪ ಹೂಂ ಅಂದ.

ಅಲ್ಲಿ ಎಬ್ಬಿಸುವವರೇ ಇಲ್ಲ. ಎಂಟರವರೆಗೆ ಮಲಗಿದೆ, ಮೊದಲ ಪರೀಕ್ಷೆಯಲ್ಲಿ ಎಲ್ಲರಿಗಿಂತ ಕೆಳಗೆ ಬಿದ್ದೆ. ಹೆದರಿಬಿಟ್ಟೆ. ಅಪ್ಪನ ಮಾತು ನಿಜವಾದರೆ ಯಾವ ಮುಖ ಹೊತ್ತು ಕುಷ್ಟಗಿಗೆ ಹೋಗುವುದು? ದಸರಾ ರಜೆಗೆ ಬಂದಾಗ ಅಪ್ಪನ ಸೀಟಿಯ ಸದ್ದನ್ನು ನನ್ನ ಫೋನಿನಲ್ಲಿ ಕದ್ದು ರೆಕಾರ್ಡ್ ಮಾಡಿಕೊಂಡು ಐದಕ್ಕೆ ಅಲಾರಂ ಇಟ್ಟೆ. ಹಾಸ್ಟೆಲಿನ ಹುಡುಗಿಯರೆಲ್ಲ ನನಗೆ ಶಾಪ ಹಾಕುತ್ತಲೇ ಎದ್ದರು, ನಾನೂ ಎದ್ದೆ.

ಮೊದಲ ವರ್ಷ ಪಾಸಾಗಿ ಮನೆಗೆ ಬಂದ ಮರುದಿನ ಐದಕ್ಕೆ ಫೋನು ಸೀಟಿ ಊದಿತು. ಅಪ್ಪ ಓಡಿಬಂದ. ಊದಬೇಕಿದ್ದ ಅವನ ಸೀಟಿ ಇನ್ನೂ ಕೈಯಲ್ಲೇ ಇತ್ತು. ನಾನು ಎಲ್ಲ ಒಪ್ಪಿಕೊಂಡೆ, ಓಟಿಪಿ ಕದ್ದದ್ದನ್ನೂ.

"ಅವತ್ತ ಮೊಬೈಲ್ ಕಿಡಕ್ಯಾಗ ಇಟ್ಟಾವ ಯಾರು?" ಎಂದ ಅಪ್ಪ. "ನೀರ ತಣ್ಣಗಾದ್ರೂ ಕುಂತಿದ್ದೆ, ನಿಂದ ಮುಗೀಲಿ ಅಂತ."

"ಹಂಗಾರ ಮೊದಲ ನೀನ ಹ್ಞೂಂ ಅನಬೇಕಿತ್ತಲ್ಲ?"

"ನಾ ಕೊಟ್ಟಿದ್ರ ನೀ ಮಕ್ಕೊಂಡ ಇರತಿದ್ದಿ. ಕದ್ದಿ, ಅದಕ್ಕ ಓದಿದಿ."