ನೆಟ್ಟಗೆ ಕೇಳಲು ಕಲಿಸಿದ ಆಪಾ

ಯಾರಾದರೂ ತಮ್ಮ ಕಷ್ಟ ಹೇಳಿಕೊಳ್ಳತೊಡಗಿದರೆ ಆಪಾ ಎರಡು ಬೆರಳನ್ನು ತಮ್ಮ ತುಟಿಯ ಮೇಲೆ ಒತ್ತಿ ಹಿಡಿಯುತ್ತಿದ್ದರು. ಮದರಂಗಿಯಿಂದ ಕೆಂಪಾದ ಬೆರಳುಗಳು ಅವು. ನೋಡಿದವರಿಗೆ ಏನೋ ಗಾಢವಾಗಿ ಯೋಚಿಸುತ್ತಿದ್ದಾರೆ ಅನ್ನಿಸಬೇಕು. ಅಸಲು ಕಾರಣ ಬೇರೆ. "ನನ್ನ ಬಾಯಿ ಸುಮ್ನಿರಂಗಿಲ್ಲವ್ವ. ಹಿಂಗ ಹಿಡಕೊಂಡ್ರನ ಅವರ ಮಾತು ಮುಗಿಯೋತನಕ ತಡೀತೈತಿ," ಎಂದು ಅವರೇ ನಕ್ಕಿದ್ದರು. ನಿಜಕ್ಕೂ ವಿಪರೀತ ಮಾತುಗಾತಿ. ಸಿಂಧನೂರಿನಲ್ಲಿ ಬಸ್ಸು ಹತ್ತಿದರೆ ಮಸ್ಕಿಯಲ್ಲಿ ಇಳಿಯುವುದರೊಳಗೆ ಪಕ್ಕದ ಸೀಟಿನವರ ವಂಶಾವಳಿಯೆಲ್ಲ ಅವರಿಗೆ ಗೊತ್ತಾಗಿರುತ್ತಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಮೇಲೆ, ಊರಿಗೆಲ್ಲ ಆಪಾ, ಅಂದರೆ ಅಕ್ಕ, ಆಗಿದ್ದ ಅವರು ಹೊಸದೊಂದು ಕೆಲಸ ಹಚ್ಚಿಕೊಂಡಿದ್ದರು. ಮನಸ್ಸು ಕುಸಿದವರನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಊರಿನ ಸಾಮಾನ್ಯರಿಗೆ ಕಲಿಸುವುದು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದರೆ, "ಮನ್ಯಾಗ ಕುಂತ್ರ ಸೊಸಿ ಜೋಡಿ ಜಗಳ ಹತ್ತತೈತಿ," ಎನ್ನುತ್ತಿದ್ದರು.

ಮಸ್ಕಿಯ ಶಾದಿಮಹಲಿನಲ್ಲಿ ನಮ್ಮನ್ನೆಲ್ಲ ಕೂಡಿಸಿದ್ದರು. ಬ್ಲೌಸ್ ಹೊಲಿಯುವ ನಾನು, ಕಟಿಂಗ್ ಅಂಗಡಿಯವನು, ಒಬ್ಬ ಕಂಡಕ್ಟರ್, ಬಳೆ ಮಾರುವ ಹೆಂಗಸರು. "ಡಾಕ್ಟರ ಹತ್ರ ಮಂದಿ ಕಡೀಕ ಹೋಗ್ತಾರ. ನಿಮ್ಮ ಹತ್ರ ದಿನಾ ಬರ್ತಾರ. ಮೊದಲ ಕಾಣೋದು ನಿಮಗ," ಎಂದರು. ಅಭ್ಯಾಸಕ್ಕೆಂದು ಕಟಿಂಗ್ ಅಂಗಡಿಯವನಿಗೆ ನೊಂದವನ ಪಾತ್ರ ಕೊಟ್ಟರು, ಕಂಡಕ್ಟರನಿಗೆ ಕೇಳುವವನ ಪಾತ್ರ. ನೊಂದವನು ಇನ್ನೂ ಬಾಯಿ ತೆರೆದಿಲ್ಲ, ಕಂಡಕ್ಟರ್ ಆಗಲೇ ಬೆನ್ನು ತಟ್ಟಿ, "ಧೈರ್ಯ ತಗೋ ಮಾರಾಯ, ಎಲ್ಲಾ ಸರಿ ಹೋಗತೈತಿ," ಎಂದುಬಿಟ್ಟ. ಆಪಾಗೆ ಸಿಟ್ಟು ಬಂತು. "ಆತ ಹೇಳೋಕಿಂತ ಮೊದಲ ಅಂಗಡಿ ಬಂದ್ ಮಾಡಿದಿ ನೋಡು. ಮೊದಲ ಕೇಳು. ಪೂರ್ತಿ ಕೇಳು."

ಆಮೇಲೆ ಹೇಳಿದ್ದು ಇನ್ನೂ ಕಷ್ಟದ್ದು. ಸಂಶಯ ಬಂದರೆ ಸುತ್ತಿ ಬಳಸಬೇಡಿ, ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೆಟ್ಟಗೆ ಕೇಳಿ ಎಂದರು. ಬಳೆ ಮಾರುವವರು "ಬಿಡ್ತು ಅನ್ರಿ, ಬಿಡ್ತು ಅನ್ರಿ" ಎಂದು ಗಲ್ಲ ಬಡಿದುಕೊಂಡರು. ನಮ್ಮಲ್ಲಿ ಸಾವಿನ ಮಾತು ಬಾಯಲ್ಲಿ ಬಂದರೇ ಅಪಶಕುನ, ಇನ್ನು ಎದುರಿಗಿದ್ದವರನ್ನು ಕೇಳುವುದೆಂದರೆ! "ನೀವು ಕೇಳಿದ್ರಂತ ಅದು ಹೊಸದಾಗಿ ತಲ್ಯಾಗ ಬರಂಗಿಲ್ಲ. ಒಳಗ ಇದ್ದದ್ದು ಹೊರಗ ಬರತೈತಿ," ಎಂದ ಆಪಾ ಒಬ್ಬೊಬ್ಬರನ್ನೂ ನಿಲ್ಲಿಸಿ ಆ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿಸಿದರು. ದಿನವಿಡೀ ಊರೂರ ಹೆಸರು ಕೂಗುವ ಕಂಡಕ್ಟರನಿಗೆ ದನಿಯೇ ಏಳಲಿಲ್ಲ. ನಾನೂ ತಲೆ ತಗ್ಗಿಸಿಕೊಂಡೇ ಹೇಳಿದ್ದೆ.

ಆ ಮಾತು ನನ್ನ ಮನೆಯಲ್ಲೇ ಬೇಕಾದೀತೆಂದು ಅನ್ನಿಸಿರಲಿಲ್ಲ. ಬಳಗಾನೂರಿಗೆ ಕೊಟ್ಟ ತಂಗಿ ಬಾಣಂತನಕ್ಕೆ ಬಂದಿದ್ದಳು. ಕೂಸು ಅತ್ತರೂ ಎತ್ತಿಕೊಳ್ಳುತ್ತಿರಲಿಲ್ಲ, ಗೋಡೆ ನೋಡುತ್ತ ಮಲಗುತ್ತಿದ್ದಳು. ಅವ್ವ ದೃಷ್ಟಿ ತೆಗೆದು ತೆಗೆದು ಸಾಕಾಗಿದ್ದಳು. ತೊಟ್ಟಿಲ ಕಾರ್ಯಕ್ಕೆ ಹೊಸ ಬ್ಲೌಸ್ ಹೊಲಿಯೋಣವೆಂದು ಟೇಪು ಹಿಡಿದು ಹೋದೆ. ಬೆನ್ನಿನ ಡಿಸೈನಿಗಾಗಿ ನನ್ನ ಪ್ರಾಣ ತಿನ್ನುತ್ತಿದ್ದ ಹುಡುಗಿ, "ಹೆಂಗರ ಹೊಲಿ ಅಕ್ಕಾ. ನನಗ ಅದು ಬೇಕಾಗಂಗಿಲ್ಲ," ಎಂದಳು.

ನನ್ನ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಕೂತೆ. ನೆಟ್ಟಗೆ ಕೇಳಿದೆ: "ಸಾಯಬೇಕು ಅನಸಾಕತ್ತೈತೇನು?"

ಅವಳು "ಹೂಂ" ಎಂದಳು. ಆಮೇಲೆ ಅತ್ತಳು. ಬಾಗಿಲಲ್ಲಿ ನಿಂತಿದ್ದ ಅವ್ವ, "ಎಂಥಾ ಮಾತು ಕೇಳ್ತಿಯಲೇ, ನಿನ್ನ ನಾಲಿಗಿ ಬಿದ್ದು ಹೋಗಲಿ," ಎಂದು ನನ್ನ ಮೈಮೇಲೆ ಬಂದಳು. ನಾನು ಆಪಾಗೆ ಫೋನು ಹಚ್ಚಿದೆ. "ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ. ನಾ ಬರಾಕತ್ತೀನಿ," ಎಂದರು.

ಬಂದವರು ತಂಗಿಯ ಹತ್ತಿರ ಕೂತು ಅವಳು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಅವ್ವನ ಕಡೆ ತಿರುಗಿದರು. ಅವ್ವನಿಗೆ ತಂಗಿಯನ್ನು ಮೊದಲು ದರ್ಗಾಕ್ಕೆ ಕರೆದೊಯ್ಯಬೇಕೆಂಬ ಹಟ. ಜೊತೆಗೆ ದೊಡ್ಡ ಹೆದರಿಕೆ, "ಬೀಗರಿಗೆ ಗೊತ್ತಾದ್ರ ಹುಚ್ಚಿ ಅಂತ ಬಿಟ್ಟುಬಿಡ್ತಾರ್ರಿ."

"ಹಡದ ಮ್ಯಾಲ ಕೆಲವರಿಗೆ ಹಿಂಗ ಜಡ್ಡು ಬರತೈತಿ, ಔಷಧ ಐತಿ. ಮೊದಲ ದವಾಖಾನಿ, ಆಮ್ಯಾಲ ದರ್ಗಾ, ಎರಡಕ್ಕೂ ನಾನ ಬರ್ತೀನಿ," ಎಂದರು ಆಪಾ. "ನನ್ನ ಬಾಯಿಂದ ಈ ಮಾತು ಹೊರಗ ಹೋಗಂಗಿಲ್ಲ. ಹೇಳೋದು ಬಿಡೋದು ನಿನ್ನ ಮಗಳಿಗೆ ಬಿಟ್ಟದ್ದು."

ಅವತ್ತು ಮನಸ್ಸಿನ ಡಾಕ್ಟರು ಲಿಂಗಸುಗೂರಿಗೆ ಬರುವ ದಿನ. ಬಸ್ಸಿನಲ್ಲಿ ತಂಗಿಯನ್ನು ನಮ್ಮಿಬ್ಬರ ನಡುವೆ ಕೂಡಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಆಪಾ ಒಂದು ಮಾತೂ ಆಡದೆ ಕೂಸನ್ನು ಎತ್ತಿಕೊಂಡು ಕೂತಿದ್ದರು. ಗುಳಿಗೆ ಹಿಡಿಯಲು ದಿನ ಬೇಕಾಯಿತು, ನಡುವೆ ಮತ್ತೆ ಕೆಟ್ಟ ದಿನಗಳೂ ಬಂದವು. ಒಂದು ಬೆಳಿಗ್ಗೆ ತಂಗಿ ತಾನಾಗಿಯೇ ಮಗಳನ್ನು ಎತ್ತಿಕೊಂಡಳು. ಮಾತು ಕೊಟ್ಟಂತೆ ಆಪಾ ದರ್ಗಾಕ್ಕೂ ಬಂದರು. ನನ್ನ ತಂಗಿ ಇವತ್ತು ಉಂಡುಟ್ಟು ನಗುತ್ತಿದ್ದಾಳೆಂದರೆ ಅದು ಆಪಾ ನನಗೆ ಕಲಿಸಿದ ಒಂದು ಪ್ರಶ್ನೆಯಿಂದ. ಈ ಋಣ ನನ್ನಿಂದ ತೀರುವಂಥದಲ್ಲ.

ಹೋದ ವರ್ಷ ಆಪಾ ಎದೆನೋವಿನಿಂದ ತೀರಿಕೊಂಡರು. ಸಿಂಧನೂರಿನ ಅವರ ಮನೆಗೆ ನಾನು ಹೋದೆ. ತಂಗಿಯೂ ಅವಳ ಅತ್ತೆಯೂ ಬಳಗಾನೂರಿನಿಂದ ಬಂದರು. ಬಾಣಂತನದಲ್ಲಿ ಆಸರೆಯಾದ ನರ್ಸಮ್ಮ ಎಂದಷ್ಟೇ ಆ ಅತ್ತೆಗೆ ಗೊತ್ತು. ಆಪಾ ಜಗಳಾಡುತ್ತಿದ್ದ ಸೊಸೆ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. "ನೀವು ಯಾರಂತ ಗೊತ್ತಾಗಲಿಲ್ರಿ. ಅಮ್ಮಿ ಯಾವತ್ತೂ ನಿಮ್ಮ ಸುದ್ದಿ ಹೇಳಿಲ್ಲ," ಎಂದಳು.

ಏನಾದರೊಂದು ನೆಪ ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ತಂಗಿ, ಕೋಣೆ ತುಂಬ ಕೂತಿದ್ದ ಹೆಂಗಸರ ಮುಂದೆ ತಾನೇ ಹೇಳಿದಳು: "ಮಗಳು ಹುಟ್ಟಿದಾಗ ನನ್ನ ಮನಸ್ಸಿಗೆ ಜಡ್ಡಾಗಿತ್ರಿ. ಸಾಯಬೇಕಂತ ಮಾಡಿದ್ದೆ. ಆಪಾ ಬಂದು ದವಾಖಾನಿಗೆ ಕರಕೊಂಡು ಹೋದ್ರು. ಅದಕ್ಕ ಇದ್ದೀನ್ರಿ."

ಅವಳ ಅತ್ತೆ ತಿರುಗಿ ಅವಳನ್ನೇ ನೋಡಿದರು. ಅವ್ವ ಹೆದರಿದ್ದು ಈಗ ಆಗೇಹೋಯಿತು ಎಂದುಕೊಂಡೆ.

"ಇಷ್ಟು ದಿನ ಒಬ್ಬಾಕೀನ ಇದನ್ನ ಹೊತಗೊಂಡು ತಿರುಗಿದೇನವ್ವ?" ಎಂದರು ಅವರು. ಕೂತಲ್ಲಿಂದಲೇ ಸರಿದು ಬಂದು ಸೊಸೆಯ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು.