ಸೊನ್ನೆಗೆ ಬಾರದ ಹಿಡಿಕೆ

ಮೋಟಾರಿನ ಕೂಸುಗಾಡಿಯನ್ನು ದೂಡುವ ಕೈಯ ಒತ್ತಡ ಹಿಡಿಕೆಯ ಸೆನ್ಸರಿಗೆ ಸರಿಯಾಗಿ ತಿಳಿಯುವಂತೆ ಹದ ಮಾಡುವುದು ಶಹಾಬಾದಿನ ಶೆಡ್ಡಿನಲ್ಲಿ ಲುಂಬಿನಿಯ ಕೆಲಸ. ಕೂಸಿನ ಬದಲು ಉಸುಕಿನ ಚೀಲ ಮಲಗಿಸುತ್ತಾಳೆ. ಅದಕ್ಕೂ ಕುಲಾಯಿ ಹಾಕಿ ‘ಅಳಬ್ಯಾಡ’ ಎನ್ನುತ್ತಾಳೆ. ಮೆಲ್ಲಗೆ ದೂಡಿ ಕೈ ಬಿಟ್ಟಾಗ ಪರದೆಯಲ್ಲಿ ಸೊನ್ನೆ ಬಂದರಷ್ಟೇ ಸೀಲು. ಬಾರದಿದ್ದರೆ ಗಾಡಿ ಮಗುವನ್ನು ತಾನಾಗಿಯೇ ಹೊತ್ತೊಯ್ದೀತು. ಮಧ್ಯಾಹ್ನ ರಾವೂರ ಕಡೆಯ ಕಲ್ಲುಗಣಿಯಲ್ಲಿ ಮದ್ದು ಸಿಡಿದೊಡನೆ, ಯಾರೂ ಮುಟ್ಟದ ಗಾಡಿಗಳೆಲ್ಲ ಗೇಣುದ್ದ ಮುಂದೆ ಸರಿಯುತ್ತವೆ. ಅವಳು ಎಲ್ಲವನ್ನೂ ಮತ್ತೆ ಮೊದಲಿನಿಂದ ಪರೀಕ್ಷಿಸುತ್ತಾಳೆ; ಕೈ ಬಿಟ್ಟರೂ ಪರದೆ ಸೊನ್ನೆಗೆ ಬರುವುದಿಲ್ಲ. ‘ಸೀಲ್ ಹೊಡಿ ಲುಂಬಿನಿ, ಇದ್ರಾಗ ನಿನ್ನ ಕೂಸೇನ್ ಕುಂದ್ರಂಗಿಲ್ಲ’ ಎಂದು ಮಾಲೀಕ ಶಾಂತಕುಮಾರ ನಗುತ್ತಾನೆ. ಕೂರುವುದು ಅವನ ಕೂಸಾಗಿದ್ದರೆ ನಗುತ್ತಿದ್ದನೇ? ಎಳೆಯ ಲುಂಬಿನಿಯನ್ನು ಗಣಿಯ ಕಲ್ಲು ಸಾಗಿಸುವ ಬಂಡಿಯ ಮೇಲೆ ಕೂರಿಸಿ ದೂಡುತ್ತಿದ್ದ ಅವ್ವ ಸತ್ತದ್ದು ಅಂಥದೇ ಸಿಡಿತದಲ್ಲಿ. ಸೀಲನ್ನು ಕೆಳಗಿಟ್ಟು, ಅವಳು ಹಿಡಿಕೆಯತ್ತ ಬಾಗಿ ಮೆಲ್ಲಗೆ ಹೇಳುತ್ತಾಳೆ: ‘ಕೈ ತಗಿ ಯವ್ವ. ಇದ್ರಾಗ ನಾ ಇಲ್ಲ.’